ಬಾವಿಯಿಂದ ಸೇದಿದ ಅಳಿಯ

ನಮ್ಮ ವಾಡೆಗೆ ಬಂದು ಜೆರ್ವಾಸನ ಮನೆ ಯಾವುದು ಎಂದು ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ. ಅಂಥ ಹೆಸರಿನವನೊಬ್ಬ ಇದ್ದಾನೆಂದೇ ಅರ್ಧ ಜನಕ್ಕೆ ನೆನಪಿಲ್ಲ. ಕೊಡಪಾನದ ಮನೆ ಎಂದು ಕೇಳಿ, ಫೆರಿಯಿಂದ ಕಾಲು ಕೆಳಗಿಡುವ ಮೊದಲೇ ನಾಲ್ಕು ಕೈ ಮೇಲೇಳುತ್ತವೆ. ಶಿಲುಬೆ ಕಟ್ಟೆ ದಾಟಿದ ಮೇಲೆ ಹಳದಿ ಗೋಡೆಯ ಮನೆ, ಹಿತ್ತಲಲ್ಲಿ ದೊಡ್ಡ ಬಾವಿ. ನಲವತ್ತು ವರ್ಷ ನಮ್ಮ ಬಾಗಿಲು, ಕಿಟಕಿ, ದೋಣಿಯ ಹಲಗೆ, ಕೊನೆಗೆ ಶವಪೆಟ್ಟಿಗೆಗಳನ್ನೂ ಮಾಡಿಕೊಟ್ಟ ಬಡಗಿಗೆ ನಾವು ಕೊಟ್ಟ ಮರ್ಯಾದೆ ಇದು. ಆ ಹೆಸರಿಟ್ಟವಳು ನಾನು, ಪ್ಯಾದಾದ್. ಅದು ಈಗ ಯಾರಿಗೂ ನೆನಪಿಲ್ಲ, ನನಗೆ ಮಾತ್ರ ಇದೆ.

ಜೆರ್ವಾಸ್ ಸಾಂಗೆಯ ಆಚೆ ಗುಡ್ಡದ ಕಡೆಯವನು. ನನ್ನ ಪಕ್ಕದ ಮನೆಯ ಫಿಲ್ಸು ಮಾಯಿಗೆ ಕ್ಲೋತಿಲ್ ಒಬ್ಬಳೇ ಮಗಳು, ಗಂಡ ಎಂದೋ ತೀರಿಹೋಗಿದ್ದ. ಮಗಳನ್ನು ಕಳಿಸಿಕೊಡಲು ಮನಸ್ಸಿಲ್ಲದೆ ಅಳಿಯನನ್ನೇ ತಂದು ಮನೆಯಲ್ಲಿಟ್ಟುಕೊಂಡಳು. ಮನೆ ಅಳಿಯನೆಂದರೆ ಗೋವೆಯಲ್ಲಿ ಅರ್ಧ ಗಂಡಸು. ಅವನು ಮದುವೆಯ ಮರುದಿನ ಬೆಳಿಗ್ಗೆ ಹೆಂಡತಿಯ ಮನೆಯ ಜಗಲಿಯಲ್ಲಿ ಕೂತು ಉಳಿ ಮಸೆಯುತ್ತಿದ್ದಾಗಲೇ ನಮ್ಮ ಗಂಡಸರು ಬೇಲಿಯಾಚೆಯಿಂದ ಮೀಸೆಯಡಿ ನಗಲು ಶುರುಮಾಡಿದ್ದರು. ಅವನು ಅದಕ್ಕೂ ಎದ್ದು ನಿಂತು ನಮಸ್ಕಾರ ಮಾಡಿದ.

ಅವನಿಗೆ ಮರ್ಯಾದೆ ಸಿಗಬೇಕಾಗಿದ್ದ ಒಂದೇ ಒಂದು ದಿನವಿತ್ತು, ಜೂನ್ ಇಪ್ಪತ್ನಾಲ್ಕರ ಸಾಂಜಾಂವ್. ಅಂದು ವಾಡೆಯ ಗಂಡಸರು ತಲೆಗೆ ಹೂಬಳ್ಳಿಯ ಕೊಪೆಲ್ ಇಟ್ಟುಕೊಂಡು ಘುಮಟೆ ಬಾರಿಸುತ್ತ ಮನೆಮನೆಗೆ ಹೋಗಿ ಬಾವಿಗೆ ಹಾರುತ್ತಾರೆ. ಎಲ್ಲರ ಮನೆಗೂ ಅಲ್ಲ. ಆ ವರ್ಷ ಹೊಸ ಅಳಿಯ ಬಂದ ಮನೆಗೆ, ಇಲ್ಲವೇ ಕೂಸು ಹುಟ್ಟಿದ ಮನೆಗೆ. ಹೊಸ ಅಳಿಯ ಅತ್ತೆಯ ಬಾವಿಗೆ ಮೊದಲು ಹಾರಬೇಕು, ಅವನ ಹಿಂದೆ ಉಳಿದವರು. ಆಮೇಲೆ ಅತ್ತೆ ಫೆಣಿ ಕೊಡುತ್ತಾಳೆ, ಹಲಸಿನ ಹಣ್ಣು ಕೊಡುತ್ತಾಳೆ, ಅಳಿಯನ ಹೆಸರು ಹಿಡಿದು ಎಲ್ಲರೂ ವಿವಾ ಕೂಗುತ್ತಾರೆ. ಹಾಗೆ ಕೂಗಿಸಿಕೊಂಡವನು ಊರಿನವನಾದ ಎಂದು ಲೆಕ್ಕ.

ಗುಡ್ಡದವನಿಗೆ ಈಜು ಬಾರದೆಂದು ನಮಗೆ ತೋಚಲಿಲ್ಲ. ಹೊಳೆಯಲ್ಲೇ ಹುಟ್ಟಿದವರಿಗೆ ಈಜು ಬಾರದ ಮನುಷ್ಯ ಇರುತ್ತಾನೆಂದೇ ಗೊತ್ತಿರುವುದಿಲ್ಲ. ಅವನೂ ಹೇಳಲಿಲ್ಲ. ನಾನು ಕಟ್ಟಿಕೊಟ್ಟ ಕೊಪೆಲ್ ಇಟ್ಟುಕೊಂಡು, ಶಿಲುಬೆಯ ಗುರುತು ಮಾಡಿ, ಕಣ್ಣು ಮುಚ್ಚಿ ಹಾರಿದ. ಕೊಪೆಲ್ ಮೇಲೆ ಬಂತು, ಅವನು ಬರಲಿಲ್ಲ. ಆಮೇಲೆ ಒಂದು ಕೈ ಬಂತು. ನನ್ನ ಅಣ್ಣ ಹಗ್ಗ ಬಿಟ್ಟ. ಹೇಗೋ ಹಿಡಿದುಕೊಂಡ, ನಾಲ್ಕು ಜನ ಸೇರಿ ಸೇದಿದರು. ಬಾಯಲ್ಲಿ ಮೂಗಲ್ಲಿ ನೀರು ಸುರಿಸುತ್ತ ಅವನು ಕಟ್ಟೆಯ ಮೇಲೆ ಬಂದು ಬಿದ್ದಾಗ ಎಲ್ಲರೂ ಗಾಬರಿಯಿಂದ ಸುಮ್ಮನಿದ್ದರು. ಆ ಮೌನ ನನಗೆ ತಡೆಯಲಾಗಲಿಲ್ಲ. ಆಗ ನನಗೆ ಇಪ್ಪತ್ನಾಲ್ಕು ವರ್ಷ, ನಾಲಿಗೆ ಬಹಳ ಚುರುಕು ಎಂದು ಹೆಸರು.

"ಫಿಲ್ಸು ಮಾಯ್, ನಿಮ್ಮ ಕೊಡಪಾನ ತುಂಬಿ ಬಂತು ನೋಡಿ!" ಎಂದೆ.

ಬಾವಿಯ ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಿಲ್ಸು ಮಾಯ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೆಣಿ ಬರಲಿಲ್ಲ, ವಿವಾ ಕೂಗಲಿಲ್ಲ. ಸಂಜೆಯ ಹೊತ್ತಿಗೆ ಆ ಹೆಸರು ಹೊಳೆ ದಾಟಿ ಆಚೆ ದಡದ ಮೀನು ಮಾರುವವರ ಬಾಯಿಗೂ ಬಿದ್ದಿತ್ತು.

ಅದನ್ನು ತೊಳೆದುಕೊಳ್ಳಲು ಅವನು ಪಟ್ಟ ಪಾಡು ಒಂದೆರಡಲ್ಲ. ಮೇ ತಿಂಗಳಲ್ಲಿ ಕಟ್ಟೆಯ ಶಿಲುಬೆಗೆ ದಿನಕ್ಕೊಂದು ಮನೆಯ ಲದೀನು, ಎಲ್ಲರೂ ಸೇರಿ ಹಾಡುವ ಪ್ರಾರ್ಥನೆ. ಹಾಡು ಮುಗಿದ ಮೇಲೆ ಆ ಮನೆಯವರದ್ದೇ ಬೇಯಿಸಿದ ಕಡಲೆ, ಒಂದೊಂದು ಗುಟುಕು ಫೆಣಿ. ಜೆರ್ವಾಸನಿಗೆ ಒಳ್ಳೆಯ ತಗ್ಗಿನ ದನಿ ಇತ್ತು, ಲ್ಯಾಟಿನ್ ಸಾಲುಗಳನ್ನು ತಪ್ಪಿಲ್ಲದೆ ಬಾಯಿಪಾಠ ಮಾಡಿದ. ಆದರೂ ಅವನನ್ನು ಹಿಂದಿನ ಸಾಲಿನಲ್ಲೇ ನಿಲ್ಲಿಸುತ್ತಿದ್ದರು. ಅವನ ಮನೆಯ ಸರದಿ ಬಂದ ದಿನ "ಇವತ್ತಿಂದು ಫಿಲ್ಸು ಮಾಯಿ ಮನೇದು" ಎಂದೇ ಕೂಗುತ್ತಿದ್ದರು. ಫಿಲ್ಸು ಮಾಯ್ ಸತ್ತು ಮಣ್ಣಾದ ಮೇಲೂ ಹಾಗೇ ಕೂಗಿದರು. ಕ್ರಿಸ್ಮಸ್ಸಿಗೆ ತಿಂಡಿಯ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುವಾಗ ಅವನು ಬೆಳಗಿಂದ ಒಲೆ ಮುಂದೆ ಕೂತು ತಿರುವಿದ ದೊದೊಲ್ ಎಲ್ಲರಿಗಿಂತ ಚೆನ್ನಾಗಿರುತ್ತಿತ್ತು. ತಿಂದವರು ಬೆರಳು ಚೀಪುತ್ತಲೇ "ಕೊಡಪಾನ ಮಾಡಿದ್ದಲ್ವಾ, ಸ್ವಲ್ಪ ನೀರುನೀರು" ಎನ್ನುತ್ತಿದ್ದರು. ಕಾರ್ನವಾಲಿನ ವೇಷದ ಮೆರವಣಿಗೆಯಲ್ಲಿ ಪ್ರತಿವರ್ಷ ಯಾವನಾದರೂ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಾಯಿಯಿಂದ ನೀರುಗುಳುತ್ತ ಬೀದಿಯಲ್ಲಿ ಬರುತ್ತಿದ್ದ. ಜೆರ್ವಾಸ್ ಜಗಲಿಯಲ್ಲಿ ನಿಂತು ಎಲ್ಲರೊಂದಿಗೆ ಚಪ್ಪಾಳೆ ತಟ್ಟುತ್ತಿದ್ದ. ಚಪ್ಪಾಳೆ ತಟ್ಟದಿದ್ದರೆ ಇನ್ನೂ ಕಷ್ಟ ಎಂದು ಅವನಿಗೆ ತಿಳಿದಿತ್ತು.

ಕೆಟ್ಟವರಲ್ಲ ನಮ್ಮವರು ಎಂದು ಹೇಳಬೇಕೆಂದು ನನಗೂ ಆಸೆ. ಜ್ವರ ಬಂದರೆ ಗಂಜಿ ತಂದುಕೊಡುತ್ತಾರೆ, ಸತ್ತರೆ ಹೆಗಲು ಕೊಡುತ್ತಾರೆ. ಆದರೆ ಒಬ್ಬನನ್ನು ನಗೆಪಾಟಲು ಮಾಡಿದ ಮೇಲೆ ಅದನ್ನು ಕೈಬಿಡುವ ಬುದ್ಧಿ ನಮಗೆ ದೇವರು ಕೊಡಲಿಲ್ಲ. ಮಗಳು ಮೆಲ್ವಿಟಾ ಹುಟ್ಟಿದ ವರ್ಷ ಸಾಂಜಾಂವ್ ಗುಂಪು ಕೂಸಿನ ಲೆಕ್ಕದಲ್ಲಿ ಆ ಹಿತ್ತಲಿಗೆ ಮತ್ತೆ ಬಂತು. ಜೆರ್ವಾಸ್ ಹೊಟ್ಟೆನೋವೆಂದು ಕೋಣೆಯೊಳಗೆ ಮಲಗಿದ್ದ. ಇವರು ಕಿಟಕಿಯಿಂದ ಅವನ ಮೇಲೆ ಹಗ್ಗ ಎಸೆದರು. ಮೆಲ್ವಿಟಾ ಶಾಲೆಗೆ ಹೋಗುವ ಹೊತ್ತಿಗೆ ಅವಳು ಕೊಡಪಾನದ ಮಗಳು. ಆರನೇ ವಯಸ್ಸಿನಲ್ಲಿ ಒಂದು ದಿನ ನನ್ನ ಅಡುಗೆಮನೆಗೆ ಬಂದು, "ಮಾವಶಿ, ನಮ್ಮಪ್ಪನಿಗೆ ಆ ಹೆಸರಿಟ್ಟದ್ದು ಯಾರು? ಅವರು ಸತ್ತು ಹೋಗಲಿ" ಎಂದಳು. ನಾನು ಅವಳ ಕೈಗೆ ಬೆಲ್ಲದ ಚೂರು ಕೊಟ್ಟು ಮನೆಗೆ ಕಳಿಸಿದೆ.

ನಲವತ್ತು ದಾಟಿದ ಮೇಲೆ ಜೆರ್ವಾಸ್ ಈಜು ಕಲಿತ. ಯಾರಿಗೂ ಗೊತ್ತಿಲ್ಲ. ಬೆಳಗಿನ ಇಳಿತದ ಹೊತ್ತಿಗೆ ನಾನು ಬಳಚು ಚಿಪ್ಪು ಹೆಕ್ಕಲು ಕೆಸರಿಗಿಳಿಯುತ್ತಿದ್ದೆ. ಒಂದು ದಿನ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ತೂಬಿನ ಆಚೆ, ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ನೀರಲ್ಲಿ ಒದ್ದಾಡುತ್ತಿದ್ದ ಬೋಳುತಲೆ ಕಂಡಿತು. ನನ್ನನ್ನು ನೋಡಿ ಅವನು ನಿಂತ.

"ಪ್ಯಾದಾದ್, ಬಾಯಿ ಬಿಡಬೇಡ."

"ನಾನ್ಯಾಕೆ ಬಿಡಲಿ ಮಾರಾಯ. ಕಾಲು ನೆಟ್ಟಗೆ ಚಾಚು. ಹಾಗೆ ಮಡಚಿದ್ರೆ ಕಪ್ಪೆನೂ ಮುಳುಗ್ತದೆ."

ಅಂದಿನಿಂದ ಅವನ ಗುರು ನಾನು. ಬಳಚು ಹೆಕ್ಕುತ್ತಲೇ ದಡದಿಂದ ಬೈಯುವುದು, ಅವನು ಈಜುವುದು. ಎರಡು ವರ್ಷಕ್ಕೆ ತೆಂಗಿನಕಾಯಿ ಬಿಟ್ಟ, ಐದು ವರ್ಷಕ್ಕೆ ಹೊಳೆಯ ಅರ್ಧ ಹೋಗಿ ತಿರುಗಿ ಬರುವಷ್ಟಾದ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಒಂದು ದಿನ ಹೇಳಿದ.

"ಮೆಲ್ವಿಟಾ ಮದುವೆಯಾದ ವರ್ಷ ಸಾಂಜಾಂವ್ ನಮ್ಮನೆಗೆ ಬರಲೇಬೇಕಲ್ಲ. ಅಳಿಯನಿಗಿಂತ ಮೊದಲು ನಾನು ಹಾರ್ತೇನೆ. ಅದೇ ಬಾವಿ, ಅದೇ ಜನ. ಮೂರು ಸುತ್ತು ಈಜಿ, ಯಾರ ಕೈಯೂ ಹಿಡೀದೆ ಮೇಲೆ ಬರ್ತೇನೆ. ಆಮೇಲೂ ಕೊಡಪಾನ ಅನ್ನಲಿ ನೋಡೋಣ."

"ಅಷ್ಟಕ್ಕೆ ಹತ್ತು ಹದಿನೈದು ವರ್ಷ ಕಾಯ್ತೀಯಾ?"

"ಬೇರೆ ಯಾವ ದಿನ ಅವರು ನಮ್ಮನೆ ಬಾವಿ ಹತ್ರ ಬರ್ತಾರೆ, ನೀನೇ ಹೇಳು."

ಹೌದು ಎಂದೆ. ಹೆಸರಿಟ್ಟವಳು ನಾನೇ ಎಂದು ಅವನಿಗೆ ನೆನಪಿತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಕ್ಲೋತಿಲ್ ಮಗಳ ಮದುವೆ ನೋಡಲಿಲ್ಲ, ಎರಡು ವರ್ಷ ಮೊದಲೇ ತೀರಿಕೊಂಡಳು. ಮೆಲ್ವಿಟಾ ಮಡಗಾಂವಿನ ಡೆರಿಲ್ ಎಂಬವನನ್ನು ಮದುವೆಯಾದಳು. ಅವನು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಹಡಗಿನವನೆಂದರೆ ನಮ್ಮವರಿಗೆ ಅರ್ಧ ದೇವರು. ಅವನು ಆಡಿದ್ದೆಲ್ಲ ಮಾತು, ಕುಡಿಸಿದ್ದೆಲ್ಲ ತೀರ್ಥ. ಒಂದು ವಾರದಲ್ಲಿ ವಾಡೆಯ ಹುಡುಗರೆಲ್ಲ ಅವನ ಹೆಗಲಿಗೆ ಕೈ ಹಾಕಿ ತಿರುಗುವಂತಾಯಿತು. ಮೂವತ್ತು ವರ್ಷದಲ್ಲಿ ಮಾವನಿಗೆ ಸಿಗದ್ದು ಅಳಿಯನಿಗೆ ಒಂದು ವಾರದಲ್ಲಿ ಸಿಕ್ಕಿತು. ಜೆರ್ವಾಸನಿಗೆ ಅದರಿಂದ ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು. ಅದನ್ನು ಕಂಡು ನನಗೆ ಹೊಟ್ಟೆ ಉರಿಯಿತು.

ಆ ಸಾಂಜಾಂವ್ ಬೆಳಿಗ್ಗೆ ಜೆರ್ವಾಸ್ ನನ್ನಲ್ಲಿಗೆ ಬಂದ. ಹೊಸ ಚಡ್ಡಿ, ಇಸ್ತ್ರಿ ಮಾಡಿದ ಬನಿಯನ್ನು.

"ನನಗೂ ಒಂದು ಕೊಪೆಲ್ ಕಟ್ತೀಯಾ?"

"ಕಟ್ಟಿಟ್ಟಾಗಿದೆ" ಎಂದು ಒಳಗಿಂದ ತಂದುಕೊಟ್ಟೆ. ಹಿಂದಿನ ದಿನವೇ ಕಟ್ಟಿದ್ದೆ. ಅವನು ತಲೆಗಿಟ್ಟುಕೊಂಡು ನನ್ನ ಕನ್ನಡಿಯಲ್ಲಿ ನೋಡಿಕೊಂಡ. ಐವತ್ತೆಂಟು ವರ್ಷದ ಮನುಷ್ಯ ಮದುಮಗನಂತೆ ನಾಚಿಕೊಂಡ. ಡೆರಿಲನಿಗೆ ಈಜು ಬರುತ್ತದಲ್ಲ ಎಂದು ನಾನು ಕೇಳಿದೆ. "ಕೇಳಿದೆ, ಬರ್ತದಂತೆ. ಹಡಗಿನವನಲ್ವಾ" ಎಂದ.

ಹಡಗಿನವನು! ತರಬೇತಿಯಲ್ಲಿ ತೇಲುವ ಜಾಕೆಟ್ ಕಟ್ಟಿಕೊಂಡು ಕೊಳಕ್ಕೆ ಹಾರಿದ್ದನಂತೆ. ಜಾಕೆಟ್ ತೇಲಿತು, ಅದರ ಜೊತೆ ಇವನೂ ತೇಲಿದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಮಧ್ಯಾಹ್ನ ಘುಮಟೆಯ ಸದ್ದು ಆಚೆ ಓಣಿಯಲ್ಲಿತ್ತು. ನಮ್ಮಲ್ಲಿಗೆ ಬರಲು ಇನ್ನೂ ಮೂರು ಮನೆ ಬಾಕಿ. ನಾನು ಹಿತ್ತಲ ಬೇಲಿಯ ಬಳಿ ಹಲಸು ಬಿಡಿಸುತ್ತಿದ್ದೆ. ಡೆರಿಲ್ ಒಬ್ಬನೇ ಬಾವಿಯ ಹತ್ತಿರ ಬಂದ. ಮೂರ್ನಾಲ್ಕು ಲೋಟ ಒಳಗೆ ಹೋಗಿತ್ತು, ಮುಖ ಬಿಳಿಚಿಕೊಂಡಿತ್ತು. ಆಳ ಎಷ್ಟಿದೆಯೆಂದು ನೋಡಲು ಬಗ್ಗಿದ. ಪಾಚಿಗಟ್ಟಿದ ಕಟ್ಟೆ, ಮೇಲೆ ಮಳೆ. ಕಾಲು ಜಾರಿ ತಲೆಕೆಳಗಾಗಿ ಬಿದ್ದ. ಕೂಗಲೂ ಇಲ್ಲ.

ನಾನು ಕೂಗಿದೆ. ಜೆರ್ವಾಸ್ ಅಡುಗೆಮನೆಯಿಂದ ಓಡಿ ಬಂದವನು ಕಟ್ಟೆಯ ಮೇಲೆ ಒಂದು ಕಾಲಿಟ್ಟದ್ದಷ್ಟೇ, ನೀರಿನಲ್ಲಿದ್ದ. ಅಷ್ಟು ಚಂದದ ಹಾರುವಿಕೆಯನ್ನು ನಾನು ಈ ವಾಡೆಯಲ್ಲಿ ಯಾರಲ್ಲೂ ಕಂಡಿಲ್ಲ. ಮುಳುಗಿದ, ಎದ್ದ, ಮತ್ತೆ ಮುಳುಗಿದ, ಅಳಿಯನ ಕೂದಲು ಹಿಡಿದು ಮೇಲೆ ಬಂದ. ನಾನು ಹಗ್ಗ ಬಿಟ್ಟೆ. ಒಂದು ಕೈಯಲ್ಲಿ ಗೋಡೆಯ ಸಂದು ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗವನ್ನು ಅವನ ಕಂಕುಳಡಿ ಸುತ್ತಿ, "ಎಳಿ, ಪ್ಯಾದಾದ್!" ಎಂದ. ಅವನು ಕೆಳಗಿಂದ ನೂಕಿದ, ನಾನು ಮೇಲಿಂದ ಎಳೆದೆ. ಡೆರಿಲ್ ಕಟ್ಟೆಯ ಮೇಲೆ ಬಿದ್ದು ನೀರು ಕಾರತೊಡಗಿದ. ಜೆರ್ವಾಸ್ ಯಾರ ಕೈಯೂ ಹಿಡಿಯದೆ ಗೋಡೆ ಹತ್ತಿ ಮೇಲೆ ಬಂದ. ಹದಿನೈದು ವರ್ಷದಿಂದ ಅವನು ಮನಸ್ಸಿನಲ್ಲೇ ಕಂಡದ್ದು ಇದನ್ನೇ, ನೋಡಿದವಳು ನಾನೊಬ್ಬಳು.

ಅಷ್ಟರಲ್ಲಿ ಮೆಲ್ವಿಟಾ ಬಂದಳು. ಗಂಡ ಬದುಕಿದ್ದಾನೆಂದು ಖಾತ್ರಿ ಮಾಡಿಕೊಂಡಳು, ಅತ್ತಳು. ಘುಮಟೆ ನಮ್ಮ ಓಣಿಯ ತಿರುವಿಗೆ ಬಂದಿತ್ತು. ಅವಳು ಅಳು ನಿಲ್ಲಿಸಿ ಕಿವಿಗೊಟ್ಟಳು. ಗಂಡನ ಎದೆಗೆ ಸುತ್ತಿದ್ದ ಹಗ್ಗವನ್ನು ನೋಡಿದಳು. ಅದನ್ನು ಬಿಚ್ಚಿದಳು. ಬಿಚ್ಚಿ ಅಪ್ಪನ ಮುಂದೆ ಹಿಡಿದಳು.

"ಪಪ್ಪಾ."

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

"ಪಪ್ಪಾ, ಇವರಿಗೂ ಆ ಹೆಸರು ಬಿತ್ತು ಅಂದ್ರೆ ಇನ್ನು ಈ ಕಡೆ ತಲೆ ಹಾಕೋಲ್ಲ. ನಾನೂ ಬರೋ ಹಾಗಿಲ್ಲ. ಅಪ್ಪನೂ ಅದೇ, ಗಂಡನೂ ಅದೇ ಅಂತ ಅನ್ನಿಸ್ಕೊಂಡು ನಾನು ಹೇಗೆ ಬರಲಿ? ನಿಮಗೆ ಹೇಗೂ ಅಭ್ಯಾಸ ಆಗಿದೆ."

ನಿಮಗೆ ಹೇಗೂ ಅಭ್ಯಾಸ ಆಗಿದೆ. ಆ ಮಾತಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ. ಜೆರ್ವಾಸ್ ಮಗಳನ್ನು ನೋಡಿದ, ಹಗ್ಗವನ್ನು ನೋಡಿದ. ಅದನ್ನು ತನ್ನ ಸೊಂಟಕ್ಕೆ ತಾನೇ ಸುತ್ತಿಕೊಂಡು ಕಟ್ಟೆಗೆ ಒರಗಿ ಕೂತು ಕೆಮ್ಮತೊಡಗಿದ.

ಗುಂಪು ಹಿತ್ತಲಿಗೆ ನುಗ್ಗಿ ನಿಂತಿತು. ಘುಮಟೆ ನಿಂತಿತು.

"ಏನಾಯ್ತು?"

"ಪಪ್ಪಾ ಬಿದ್ರು. ಇವರು ಹಾರಿ ಎತ್ತಿದ್ರು" ಎಂದಳು ಮೆಲ್ವಿಟಾ.

ಎಲ್ಲರೂ ನನ್ನ ಕಡೆ ತಿರುಗಿದರು, ನಾನು ಅಲ್ಲೇ ಇದ್ದವಳಲ್ಲವೇ? "ಹೌದೇನು, ಪ್ಯಾದಾದ್?" ಜೆರ್ವಾಸನೂ ನನ್ನ ಕಡೆ ನೋಡಿದ. ಹೇಳು ಎಂದು ನೋಡಿದನೋ, ಹೇಳಬೇಡ ಎಂದು ನೋಡಿದನೋ ನನಗೆ ಇಂದಿಗೂ ತಿಳಿದಿಲ್ಲ. ಹೌದು ಎಂದಷ್ಟೇ ಅಂದಿದ್ದರೆ ಸಾಕಿತ್ತು. ಆದರೆ ಮೂವತ್ತು ಜನ ನನ್ನ ಬಾಯಿ ನೋಡುತ್ತಿದ್ದರು, ನನ್ನ ನಾಲಿಗೆಗೆ ಅಷ್ಟೇ ಸಾಲದಾಯಿತು.

"ಹಳೇ ಕೊಡಪಾನ ಅಲ್ವಾ, ಬಾವಿ ದಾರಿ ಮರೀಲಿಲ್ಲ" ಎಂದೆ.

ಅಬ್ಬಾ, ಆ ನಗು! ಡೆರಿಲನನ್ನು ಹೆಗಲ ಮೇಲೆ ಹೊತ್ತು ಮೂರು ಸುತ್ತು ಕುಣಿದರು, ಅವನ ಹೆಸರು ಹಿಡಿದು ವಿವಾ ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ಆ ಬಾವಿಗೆ ಹಾರಿದರು. ಹೊಸ ಅಳಿಯ ಆಗಲೇ ಹಾರಿಯಾಗಿದೆ ಎಂದು ಅವನಿಗೆ ರಿಯಾಯಿತಿ ಸಿಕ್ಕಿತು. ನಾನು ಕಟ್ಟಿದ ಕೊಪೆಲ್ ಅಡುಗೆಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು.

ಅದರ ನಂತರ ಜೆರ್ವಾಸ್ ಬೆಳಗಿನ ಹೊತ್ತು ತೂಬಿನ ಕಡೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಅವನಿಗೆ ಈಜು ಬರುತ್ತದೆಂದು ಒಬ್ಬ ಕಂಡರೂ ಮಗಳ ಮಾತು ಸುಳ್ಳಾಗುತ್ತಿತ್ತು. ಹೊಳೆ ದಂಡೆಯಲ್ಲಿ ಬಟ್ಟೆ ತೊಳೆಯುವಾಗಲೂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುತ್ತಿರಲಿಲ್ಲ. ಯಾರಾದರೂ "ಜೋಪಾನ" ಎಂದು ಕೂಗಿದರೆ ಹೌದೌದೆಂದು ಹಿಂದೆ ಸರಿಯುತ್ತಿದ್ದ. ನಾನು ಮಾತಾಡಿಸಿದರೆ ಮಾತಾಡುತ್ತಿದ್ದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅಷ್ಟೂ ಮಾಡಲಿಲ್ಲ.

ಮೊನ್ನೆ ಸಾಂಜಾಂವಿಗೆ ಡೆರಿಲ್ ಹಡಗಿನಿಂದ ರಜೆಯ ಮೇಲೆ ಬಂದಿದ್ದ. ಈಗ ಅವನು ನಮ್ಮ ವಾಡೆಯ ದೊಡ್ಡ ಮನುಷ್ಯ, ಹಬ್ಬದ ಗುಂಪಿನ ಮುಂದಾಳು. ಅವನ ಬಾಯಲ್ಲಿ ಆ ಕತೆ ವರ್ಷದಿಂದ ವರ್ಷಕ್ಕೆ ಬೆಳೆದಿದೆ, ಬಾವಿಯ ಆಳವೂ ಬೆಳೆದಿದೆ. ತಾನೇ ಹಾರಿ ಮಾವನನ್ನು ಎತ್ತಿದ್ದೆಂದು ಅವನು ಈಗ ನಿಜವಾಗಿಯೂ ನಂಬಿದ್ದಾನೆ ಎಂದೇ ನನ್ನ ಎಣಿಕೆ. ಕೂಸು ಹುಟ್ಟಿದ ಒಂದು ಮನೆಯ ಹಿತ್ತಲಲ್ಲಿ ಎಲ್ಲರೂ ಸೇರಿದ್ದೆವು. ಜೆರ್ವಾಸ್ ಬಾವಿಗೆ ಸ್ವಲ್ಪ ದೂರದಲ್ಲಿ ನಿಂತಿದ್ದ. ಡೆರಿಲ್ ಲೋಟ ಎತ್ತಿ ಕೂಗಿದ.

"ಓ ಕೊಡಪಾನ ಮಾವಾ, ಇನ್ನೂ ಹಿಂದೆ ಹೋಗಿ! ಪ್ರತೀ ಸಲ ಎತ್ತೋದಕ್ಕೆ ನಾನಿರೋಲ್ಲ!"

ಎಲ್ಲರೂ ನಕ್ಕರು. ಮೆಲ್ವಿಟಾ ಕೂಡ ನಕ್ಕಳು. ಡೆರಿಲನ ಬಾಯಿಂದಲೇ ಆ ಹೆಸರು ಬಂದದ್ದನ್ನು ನನಗೆ ತಾಳಲಾಗಲಿಲ್ಲ. ನಾನು ಎದ್ದು ನಿಂತೆ.

"ಥೂ ನಿನ್ನ! ನಿನ್ನನ್ನ ಎತ್ತಿದ್ದೇ ಅವನು. ಕೂದಲು ಹಿಡಿದು ಎಳ್ಕೊಂಡು ಬಂದ. ಹಗ್ಗ ಬಿಟ್ಟವಳು ನಾನು. ಈ ವಾಡೆಯಲ್ಲಿ ಅವನ ಹಾಗೆ ಈಜೋನು ಒಬ್ಬನಿಲ್ಲ. ಕೇಳಿ ಎಲ್ಲರೂ, ಅವನ ಹೆಸರು ಜೆರ್ವಾಸ್!"

ಡೆರಿಲನ ಮುಖ ಅಂದಿನ ಹಾಗೇ ಬಿಳಿಚಿಕೊಂಡಿತು. ಮೆಲ್ವಿಟಾ ಅಪ್ಪನ ಕಡೆ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದ.

"ಪ್ಯಾದಾದ್‌ಗೆ ಇವತ್ತು ಫೆಣಿ ಜಾಸ್ತಿ ಆಗಿದೆ. ಅವಳ ಮಾತು ಕಟ್ಕೋಬೇಡಿ. ನನಗೆಲ್ಲಿಂದ ಬರ್ತದೆ ಈಜು? ಬಿದ್ದದ್ದು ನಾನೇ, ಎತ್ತಿದ್ದು ನಮ್ಮ ಡೆರಿಲ್."

ನಗು ಮತ್ತೆ ಎದ್ದಿತು, ಈ ಸಲ ನನ್ನ ಮೇಲೆ. ಯಾರೋ ನನ್ನ ಕೈಯಿಂದ ಲೋಟ ಕಿತ್ತುಕೊಂಡರು. ಜೆರ್ವಾಸ್ ಹತ್ತಿರ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ಆ ದಿನ ಕೇಳಿದ್ರಲ್ಲ ಎಲ್ಲರೂ ನಿನ್ನನ್ನ. ಆಗ ಹೇಳ್ಬೇಕಿತ್ತು."

ಹುಡುಗರು ಬಾವಿಯ ಹತ್ತಿರದಿಂದ ಕೂಗಿದರು, "ಕೊಡಪಾನಾ, ಹಗ್ಗ ಎಲ್ಲಿ?" ಅವನು ಬಂದೆ ಎಂದು ಹೇಳಿ ಹಗ್ಗ ತರಲು ಹೋದ.